ಒಂದು ಚಕ್ರದ ಸವೆತಕ್ಕೆ ಏಳು ಚಕ್ರಗಳ ದಂಡನೆ

ಎಂಟು ಮಂದಿ ಅಣ್ಣತಮ್ಮಂದಿರಿರುವ ಮನೆಯಲ್ಲಿ ಒಬ್ಬನಿಗೆ ಜ್ವರ ಬಂದಿತೆಂದು ಎಂಟೂ ಮಂದಿಯನ್ನು ಬೀದಿಗೆ ಹಾಕುವ ಯಜಮಾನನಿದ್ದರೆ ಲೋಕವು ಅವನನ್ನು ಅವಿವೇಕಿಯೆಂದು ಕರೆಯುತ್ತದೆ. ಗೇರ್ ಸೈಕಲ್ಲುಗಳ ವ್ಯಾಪಾರದಲ್ಲಿ ಇದೇ ಕಾರ್ಯವನ್ನು ಮಾಡುವವನಿಗೆ ತಜ್ಞನೆಂಬ ಬಿರುದು ಸಲ್ಲುತ್ತದೆ. ಆ ಸಲಹೆಗೆ ನಾವು ಹಣವನ್ನೂ ತೆರುತ್ತೇವೆ. ಹಿಂದಿನ ಗಾಲಿಯ ಎಂಟು ಹಲ್ಲುಚಕ್ರಗಳಲ್ಲಿ ಒಂದು ಸವೆದರೆ ಎಂಟನ್ನೂ ಎಸೆದು ಹೊಸ ಎಂಟನ್ನು ಕೊಳ್ಳಬೇಕೆಂಬುದು ಇಂದು ಯಾರೂ ಪ್ರಶ್ನಿಸದ ವಿಧಿಯಾಗಿ ನಡೆದುಬಂದಿದೆ. ಈ ವಿಧಿಗೆ ಯಂತ್ರಶಾಸ್ತ್ರದ ಆಧಾರ ಬಹಳ ಸ್ವಲ್ಪ, ವ್ಯಾಪಾರದ ಅನುಕೂಲದ ಆಧಾರ ಬಹಳ ಹೆಚ್ಚು ಎಂಬುದನ್ನೂ, ಅದಕ್ಕೆ ಸುಮ್ಮನೆ ತಲೆಬಾಗುವುದು ಶ್ರಾವಕರಾದ ನಮಗೆ ಶೋಭಿಸದೆಂಬುದನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಸೈಕಲ್ಲಿನ ಹಲ್ಲುಚಕ್ರಕ್ಕೂ ಆಚಾರವಿಚಾರಕ್ಕೂ ಏನು ಸಂಬಂಧವೆಂದು ಕೆಲವರು ನಗಬಹುದು. ವ್ರತಗಳು ಬಸದಿಯ ಹೊಸ್ತಿಲೊಳಗೆ ಮಾತ್ರ ಅನ್ವಯಿಸುತ್ತವೆಂದು ನಂಬಿದವರಿಗೆ ಆ ನಗು ಒಪ್ಪುತ್ತದೆ. ಆದರೆ ಗೃಹಸ್ಥನ ಅಣುವ್ರತಗಳೂ ಗುಣವ್ರತಗಳೂ ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಪಾಲಿಸಲೆಂದೇ ವಿಧಿಸಲ್ಪಟ್ಟವು. ಮನೆಯ ಮಗನ ಸೈಕಲ್ಲು ನಿಲ್ಲುವ ಮೂಲೆ ಅವುಗಳ ವ್ಯಾಪ್ತಿಯಿಂದ ಹೊರಗಿಲ್ಲ.

ಕ್ಯಾಸೆಟ್ಟಿನ ಸ್ವರೂಪ

ಮೊದಲು ವಸ್ತುವನ್ನು ಅರಿಯೋಣ. ಗೇರ್ ಸೈಕಲ್ಲಿನ ಹಿಂದಿನ ಗಾಲಿಯ ಬಲಗಡೆ, ಚೈನು ಹಾಯುವ ಕಡೆ, ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತ ಹೋಗುವ ಹಲ್ಲುಚಕ್ರಗಳ ಒಂದು ಗೊಂಚಲು ಇರುತ್ತದೆ. ಒಂದೊಂದು ಚಕ್ರಕ್ಕೂ ಅಂಗಡಿಯ ಭಾಷೆಯಲ್ಲಿ ಸ್ಪ್ರಾಕೆಟ್ ಎಂದೂ, ಇಡೀ ಗೊಂಚಲಿಗೆ ಕ್ಯಾಸೆಟ್ ಎಂದೂ ಹೆಸರು. ಗಾಲಿಯ ಹಬ್ಬಿಗೆ ಸೇರಿದ ಫ್ರೀಹಬ್ ಎಂಬ ಉರುಳೆಯ ಹೊರಮೈಮೇಲೆ ಉದ್ದುದ್ದ ಏಣುಗಳಿರುತ್ತವೆ. ಪ್ರತಿಯೊಂದು ಚಕ್ರದ ನಡುರಂಧ್ರದಲ್ಲಿ ಆ ಏಣುಗಳಿಗೆ ಹೊಂದುವ ಕಚ್ಚುಗಳಿರುತ್ತವೆ. ಬಳೆಗಳನ್ನು ಕೈಗೇರಿಸಿದಂತೆ ಚಕ್ರಗಳನ್ನು ಒಂದರ ಮೇಲೊಂದು ಜಾರಿಸಿ, ನಡುನಡುವೆ ಸ್ಪೇಸರ್ ಎಂಬ ತೆಳು ಬಳೆಗಳನ್ನಿಟ್ಟು, ಕೊನೆಯಲ್ಲಿ ಲಾಕ್‌ರಿಂಗ್ ಎಂಬ ತಿರುಪಿನ ಬಿಲ್ಲೆಯಿಂದ ಬಿಗಿಯುತ್ತಾರೆ. ಕ್ಯಾಸೆಟ್ ಎಂದರೆ ಇಷ್ಟೇ. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಹಬ್ಬಿಗೇ ತಿರುಪಿ ಕೂರಿಸುವ ಫ್ರೀವ್ಹೀಲ್ ಇರುತ್ತದೆ. ಅದರ ರಚನೆ ಬೇರೆಯಾದುದರಿಂದ ಇಲ್ಲಿನ ಮಾತು ಅದಕ್ಕೆ ಪೂರ್ಣವಾಗಿ ಅನ್ವಯಿಸದು.

ಸವಾರನು ಎಂಟು ಚಕ್ರಗಳನ್ನೂ ಸಮನಾಗಿ ಬಳಸುವುದಿಲ್ಲ. ನಿತ್ಯವೂ ಒಂದೇ ದಾರಿಯಲ್ಲಿ ಓಡಾಡುವವನ ಚೈನು ನಡುವಿನ ಎರಡು ಮೂರು ಚಕ್ರಗಳ ಮೇಲೆಯೇ ಬಹುಕಾಲ ಕಳೆಯುತ್ತದೆ. ಚೈನಿನ ಒಂದು ಗೂಟದಿಂದ ಮುಂದಿನ ಗೂಟಕ್ಕೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಅಂತರ. ಗೂಟಗಳ ಸಂದು ಸವೆದಂತೆ ಈ ಅಂತರ ಹಿಗ್ಗುತ್ತದೆ. ಹಿಗ್ಗಿದ ಚೈನು ತಾನು ಹೆಚ್ಚಾಗಿ ಕೂರುವ ಚಕ್ರದ ಹಲ್ಲುಗಳನ್ನು ಕೊಕ್ಕೆಯಂತೆ ಕೊರೆಯುತ್ತದೆ. ಮುಂದೆ ಹೊಸ ಚೈನು ಹಾಕಿದಾಗ ಅದು ಆ ಕೊಕ್ಕೆಹಲ್ಲಿನ ಮೇಲೆ ನಿಲ್ಲದೆ ಹಾರುತ್ತದೆ. ಉಳಿದ ಚಕ್ರಗಳ ಮೇಲೆ ಅದೇ ಹೊಸ ಚೈನು ಯಾವ ತಕರಾರೂ ಇಲ್ಲದೆ ಓಡುತ್ತದೆ. ದೋಷವಿರುವುದು ಒಂದರಲ್ಲಿ, ಹೆಚ್ಚೆಂದರೆ ಎರಡರಲ್ಲಿ. ಶಿಕ್ಷೆ ಮಾತ್ರ ಎಂಟಕ್ಕೂ.

ಮೂರು ರಿವೆಟ್ಟುಗಳು

ಬಿಚ್ಚಿ ಸವೆದುದನ್ನು ಮಾತ್ರ ಬದಲಿಸಬಾರದೇಕೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಅವು ಬಿಡಿಯಾಗಿಲ್ಲ, ರಿವೆಟ್ ಹೊಡೆದಿವೆ. ಸಾಧಾರಣ ಬೆಲೆಯ ಕ್ಯಾಸೆಟ್ಟುಗಳಲ್ಲಿ ದೊಡ್ಡ ಚಕ್ರಗಳನ್ನು ಹಿಂದಿನಿಂದ ಮುಂದಕ್ಕೆ ಹಾಯುವ ಮೂರು ಸಣ್ಣ ರಿವೆಟ್ಟುಗಳು ಒಟ್ಟುಗೂಡಿಸಿರುತ್ತವೆ. ನೋಡಿದವನು ಈ ರಿವೆಟ್ಟುಗಳೇ ಸವಾರನ ಬಲವನ್ನೆಲ್ಲ ಹೊತ್ತಿವೆಯೆಂದು ಭ್ರಮಿಸುವುದು ಸಹಜ. ನಿಜಸ್ಥಿತಿ ಬೇರೆ. ಪೆಡಲಿನಿಂದ ಬಂದ ಬಲವು ಚೈನಿನ ಮೂಲಕ ಚಕ್ರಕ್ಕೆ, ಚಕ್ರದ ಕಚ್ಚುಗಳಿಂದ ಫ್ರೀಹಬ್ಬಿನ ಏಣುಗಳಿಗೆ ನೇರವಾಗಿ ಹರಿಯುತ್ತದೆ. ಚಕ್ರಗಳನ್ನು ಅಡ್ಡಕ್ಕೆ ಅಲುಗದಂತೆ ಒತ್ತಿ ಹಿಡಿಯುವುದು ಲಾಕ್‌ರಿಂಗ್. ರಿವೆಟ್ಟಿನ ಕೆಲಸವೆಂದರೆ ಕಾರ್ಖಾನೆಯಲ್ಲಿಯೂ ಅಂಗಡಿಯಲ್ಲಿಯೂ ಚಕ್ರಗಳು ಕ್ರಮ ತಪ್ಪದಂತೆ, ಒಂದೇ ಕೈಹಿಡಿತದಲ್ಲಿ ಬೇಗನೆ ಏರಿಸಲು ಅನುಕೂಲವಾಗುವಂತೆ ಕಟ್ಟಿಡುವುದು. ಸೊಪ್ಪಿನ ಕಟ್ಟಿಗೆ ಸುತ್ತಿದ ಬಾಳೆನಾರಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ನಾರನ್ನು ಬಿಚ್ಚಿದರೆ ಸೊಪ್ಪು ಕೆಡುವುದಿಲ್ಲ.

ಇದಕ್ಕೆ ಪ್ರಮಾಣ ಬೇಕಾದವರು ಅದೇ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಲಿ. ಅದರ ಅತ್ಯಂತ ಚಿಕ್ಕ ಒಂದೆರಡು ಚಕ್ರಗಳು ಯಾವ ರಿವೆಟ್ಟೂ ಇಲ್ಲದೆ ಬಿಡಿಬಿಡಿಯಾಗಿಯೇ ಬರುತ್ತವೆ. ತಯಾರಕರು ತಾವೇ ಬಿಡಿಯಾಗಿ ಕೊಟ್ಟ ಆ ಚಕ್ರಗಳ ಮೇಲೆ ಜನರು ವರ್ಷಗಟ್ಟಲೆ ಸವಾರಿ ಮಾಡುತ್ತಾರೆ. ಬಿಡಿಚಕ್ರವು ಅಪಾಯಕಾರಿಯಾಗಿದ್ದರೆ ಅವನ್ನೇಕೆ ಬಿಡಿಯಾಗಿ ಬಿಟ್ಟರು? ಅವು ಸುರಕ್ಷಿತವಾಗಿದ್ದರೆ ಉಳಿದವನ್ನು ಬಿಚ್ಚುವುದು ಹೇಗೆ ಅಪರಾಧವಾಯಿತು? ಈ ಎರಡು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕೊಡುವ ತಜ್ಞರು ವಿರಳ.

ತಿರುವಿ ಹಾಕಬಹುದಾಗಿದ್ದ ಕಾಲ

ಹಿಂದೆಯೂ ಹೀಗೆಯೇ ಇತ್ತೇ ಎಂಬುದನ್ನು ವಿಚಾರಿಸುವುದು ಉಚಿತ. ಜಪಾನಿನ ಸಕಾಯ್ ನಗರವು ಶತಮಾನಗಳಿಂದ ಕತ್ತಿ, ಚೂರಿ ಮೊದಲಾದ ಲೋಹದ ಕೆಲಸಕ್ಕೆ ಹೆಸರಾದುದು. ಅಲ್ಲಿ 1921ರಲ್ಲಿ ಶೊಜಬುರೊ ಶಿಮಾನೊ ಎಂಬವರು ಸ್ಥಾಪಿಸಿದ ಕಾರ್ಖಾನೆಯು ಮೊದಲು ತಯಾರಿಸಿದ್ದೇ ಸೈಕಲ್ಲಿನ ಫ್ರೀವ್ಹೀಲ್. ಇಂದು ಲೋಕಪ್ರಸಿದ್ಧವಾಗಿರುವ ಆ ಸಂಸ್ಥೆಯು 1978ರಲ್ಲಿ ತನ್ನ ಫ್ರೀಹಬ್ಬನ್ನು ಹೊರತಂದಿತು. ಯೂನಿಗ್ಲೈಡ್ ಎಂಬ ಹೆಸರಿನ ಆ ಕಾಲದ ಚಕ್ರಗಳಲ್ಲಿ ಒಂದು ಗುಣವಿತ್ತು. ಚೈನು ಹಲ್ಲಿನ ಒಂದೇ ಮುಖವನ್ನು ಒತ್ತುವುದರಿಂದ ಸವೆತವೂ ಒಂದೇ ಮುಖಕ್ಕೆ. ಚಕ್ರದ ಕಚ್ಚುಗಳು ಎಲ್ಲ ಕಡೆಗೂ ಸಮವಾಗಿದ್ದುದರಿಂದ, ತಿರುಪಿನಿಂದ ಬಿಗಿಯುವ ಅತಿ ಚಿಕ್ಕ ಚಕ್ರವೊಂದನ್ನು ಬಿಟ್ಟು ಉಳಿದವನ್ನು, ಒಂದು ಮುಖ ಸವೆದ ಮೇಲೆ, ದೋಸೆ ಮಗುಚಿದಂತೆ ಮಗುಚಿ ಇನ್ನೊಂದು ಮುಖದಲ್ಲಿ ಬಳಸಬಹುದಾಗಿತ್ತು. ಒಂದೇ ಚಕ್ರಕ್ಕೆ ಎರಡು ಆಯುಷ್ಯ.

1989ರಲ್ಲಿ ಹೈಪರ್‌ಗ್ಲೈಡ್ ಎಂಬ ಹೊಸ ರಚನೆ ಬಂದಿತು. ಗೇರು ಬದಲಾಯಿಸುವಾಗ ಚೈನು ಸರಾಗವಾಗಿ ಏರಲೆಂದು ಚಕ್ರದ ಪಕ್ಕದಲ್ಲಿ ಇಳಿಜಾರುಗಳನ್ನು ಕೆತ್ತಿ, ಕೆಲವು ಹಲ್ಲುಗಳ ಆಕಾರವನ್ನು ಬದಲಿಸಿದರು. ಆ ಇಳಿಜಾರುಗಳು ಪರಸ್ಪರ ಹೊಂದಬೇಕಾದುದರಿಂದ ಒಂದು ಏಣಿನ ಅಗಲವನ್ನು ಬೇರೆ ಮಾಡಿ, ಚಕ್ರವು ಒಂದೇ ರೀತಿಯಲ್ಲಿ ಮಾತ್ರ ಕೂರುವಂತೆ ಮಾಡಿದರು. ಗೇರು ಬದಲಾವಣೆ ನಿಜವಾಗಿಯೂ ಸುಧಾರಿಸಿತು; ಅದನ್ನು ಅಲ್ಲಗಳೆಯುವುದು ಸತ್ಯಕ್ಕೆ ದೂರ. ಆದರೆ ಅದರೊಡನೆ ಮಗುಚಿ ಹಾಕುವ ಸೌಲಭ್ಯವೂ ಹೋಯಿತು. ಲಾಭವನ್ನು ಜಾಹೀರಾತಿನಲ್ಲಿ ಸಾರಿದರು. ನಷ್ಟದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಅಲ್ಲಿಂದ ಮುಂದೆ ಸಂಖ್ಯೆಯ ಮೋಹ ಬೆಳೆಯಿತು. ಇಟಲಿಯ ಕಂಪಾನ್ಯೋಲೊ ಸಂಸ್ಥೆಯು 2000ದಲ್ಲಿ ಹಿಂದಿನ ಗಾಲಿಗೆ ಹತ್ತು ಚಕ್ರಗಳನ್ನೂ 2008ರಲ್ಲಿ ಹನ್ನೊಂದನ್ನೂ ತಂದಿತು. ಅಮೆರಿಕದ ಸ್ರಾಮ್ ಸಂಸ್ಥೆಯು 2016ರಲ್ಲಿ ಹನ್ನೆರಡನ್ನು ತಂದಿತು. 2020ರಲ್ಲಿ ಕಂಪಾನ್ಯೋಲೊದ ಏಕರ್ ಹದಿಮೂರಕ್ಕೆ ಏರಿತು. ಚಕ್ರಗಳು ಹೆಚ್ಚಿದಂತೆ ಅವುಗಳ ನಡುವಿನ ಎಡೆ ಕಿರಿದಾಯಿತು, ಚೈನು ತೆಳುವಾಯಿತು, ಹಳೆಯ ಭಾಗಗಳು ಹೊಸದಕ್ಕೆ ಹೊಂದದಾದವು. 2012ರಲ್ಲಿ ಬಂದ ಸ್ರಾಮ್‌ನ ಎಕ್ಸ್‌ಎಕ್ಸ್-1 ಎಂಬ ಕ್ಯಾಸೆಟ್ಟಿನಲ್ಲಿ ಬಹುಪಾಲು ಚಕ್ರಗಳನ್ನು ಒಂದೇ ಉಕ್ಕಿನ ಗಟ್ಟಿಯಿಂದ ಕೊರೆದು ತೆಗೆದಿದ್ದಾರೆ. ಅದರಲ್ಲಿ ಬಿಚ್ಚಲು ರಿವೆಟ್ಟೂ ಇಲ್ಲ. ತೂಕ ಇಳಿಸಿದ ಜಾಣ್ಮೆಗೆ ಶಿಲ್ಪಿಯನ್ನು ಮೆಚ್ಚಬಹುದು. ಆದರೆ ಒಂದು ಹಲ್ಲಿನ ಸವೆತವನ್ನು ಇಡೀ ದೇಹದ ಮರಣವನ್ನಾಗಿ ಮಾಡಿದ ವ್ಯವಸ್ಥೆಯನ್ನು ಹೇಗೆ ಮೆಚ್ಚುವುದು?

ಭೋಗ, ಉಪಭೋಗ ಮತ್ತು ಪ್ರಮಾದ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಭೋಗ ಮತ್ತು ಉಪಭೋಗಗಳ ಭೇದ ತಿಳಿದೇ ಇದೆ. ಒಮ್ಮೆ ಅನುಭವಿಸಿ ಬಿಟ್ಟುಬಿಡುವಂಥದು ಭೋಗ. ಊಟವು ಅದಕ್ಕೆ ನಿದರ್ಶನ. ಒಮ್ಮೆ ಅನುಭವಿಸಿ ಮತ್ತೆಯೂ ಅನುಭವಿಸಬಹುದಾದುದು ಉಪಭೋಗ. ವಸ್ತ್ರವು ಅದಕ್ಕೆ ನಿದರ್ಶನ. ಗೃಹಸ್ಥನು ಎರಡಕ್ಕೂ ಪರಿಮಿತಿಯನ್ನು ಹಾಕಿಕೊಳ್ಳಬೇಕೆಂಬುದು ವಿಧಿ. ಈ ಭೇದವನ್ನು ಹಿಡಿದು ನೋಡಿದರೆ ನಮ್ಮ ಕಾಲದ ವ್ಯಾಪಾರದ ಗುಟ್ಟು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ: ಉಪಭೋಗದ ವಸ್ತುವನ್ನು ಭೋಗದ ವಸ್ತುವನ್ನಾಗಿ ಪರಿವರ್ತಿಸುವುದೇ ಅದರ ವಿದ್ಯೆ. ಉಕ್ಕಿನ ಚಕ್ರವು ಸ್ವಭಾವತಃ ಉಪಭೋಗ. ಅದನ್ನು ಊಟದ ಎಲೆಯಂತೆ ಒಮ್ಮೆ ಬಳಸಿ ಬಿಸಾಡುವಂತೆ ಮಾಡಲು ಮೂರು ರಿವೆಟ್ಟುಗಳು ಸಾಕಾದವು.

ಅನರ್ಥದಂಡದ ಐದು ಪ್ರಕಾರಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಉಕ್ಕಿನ ಚಕ್ರವೊಂದನ್ನು ಅಕಾರಣವಾಗಿ ಎಸೆದು ಹೊಸದನ್ನು ತರಿಸುವವನು ತಾನು ಏನನ್ನೂ ಅಗೆಯಲಿಲ್ಲ, ಉರಿಸಲಿಲ್ಲ ಎಂದುಕೊಳ್ಳಬಹುದು. ಆದರೆ ಅವನ ಪರವಾಗಿ ಯಾರೋ ಅದಿರನ್ನು ಅಗೆಯುತ್ತಾರೆ, ಯಾರೋ ಕುಲುಮೆಯನ್ನು ಉರಿಸುತ್ತಾರೆ. ಅದಿರಿನಿಂದ ಒಂದು ಟನ್ ಉಕ್ಕನ್ನು ತಯಾರಿಸುವಾಗ ಸುಮಾರು ಎರಡು ಟನ್ ಇಂಗಾಲದ ಡೈ ಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಪೃಥ್ವೀಕಾಯ, ಅಗ್ನಿಕಾಯ ಜೀವಗಳ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಇದನ್ನು ಪ್ರತ್ಯೇಕವಾದ ವಿಷಯವೆಂದು ಹೇಗೆ ತಳ್ಳಿಹಾಕೋಣ? ಈ ಚಕ್ರಗಳ ಉಕ್ಕು ಸಂಡೂರಿನ ಗುಡ್ಡಗಳಿಂದ ಬಂದಿತೆಂದು ಹೇಳುವುದು ಇಲ್ಲಿಯ ಅಭಿಪ್ರಾಯವಲ್ಲ. ಆದರೆ ಅದಿರು ತೆಗೆಯುವುದೆಂದರೇನೆಂಬುದನ್ನು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದುದನ್ನು ಕಂಡ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಚಕ್ರವನ್ನು ಉಳಿಸಿಕೊಳ್ಳುವ ಬಗೆ

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲ. ಮಾಡಬಹುದಾದುದನ್ನು ಹೇಳದ ಖಂಡನೆ ಅರ್ಧ ಖಂಡನೆ. ಎಸೆಯಲ್ಪಟ್ಟ ಕ್ಯಾಸೆಟ್ಟಿನಿಂದ ಚೆನ್ನಾಗಿರುವ ಒಂದು ಚಕ್ರವನ್ನು ತೆಗೆದು ಒಂದೇ ಗೇರಿನ ಗಟ್ಟಿಮುಟ್ಟಾದ ಸೈಕಲ್ಲನ್ನು ಸಿದ್ಧಪಡಿಸುವುದು ಹೇಗೆಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸುತ್ತೇನೆ.

ಹಿಂದಿನ ಗಾಲಿಯನ್ನು ಕಳಚಿ, ಅದರ ಅಚ್ಚಿನ ಒಳಗೆ ಹಾಯುವ ಬಿಗಿಕಡ್ಡಿಯನ್ನು ತೆಗೆಯಬೇಕು. ಹಳೆಯ ಚೈನಿನ ತುಂಡನ್ನು ಜೋಡಿಸಿದ ಹಿಡಿಕೋಲನ್ನು ದೊಡ್ಡ ಚಕ್ರಕ್ಕೆ ಸುತ್ತಿ ಹಿಡಿದು, ಲಾಕ್‌ರಿಂಗಿನ ಹಲ್ಲುಗಳಿಗೆ ಹೊಂದುವ ಪಾನಾದಿಂದ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಕಟಕಟನೆ ಸದ್ದಾಗಿ ಅದು ಸಡಿಲುತ್ತದೆ. ಹಿಡಿಕೋಲಿಲ್ಲದೆ ತಿರುಗಿಸಿದರೆ ಚಕ್ರಗಳೂ ಜೊತೆಗೇ ಹಿಂದಕ್ಕೆ ಉರುಳುತ್ತವೆಯೇ ಹೊರತು ಲಾಕ್‌ರಿಂಗ್ ಬಿಚ್ಚದು. ಕ್ಯಾಸೆಟ್ಟನ್ನು ಜಾರಿಸಿ ತೆಗೆದ ಮೇಲೆ ಅದರ ಬೆನ್ನಿನಲ್ಲಿ ಮೂರು ರಿವೆಟ್ಟುಗಳ ತಲೆಗಳು ಕಾಣುತ್ತವೆ. ವೈಸಿನಲ್ಲಿ ಹಿಡಿದು, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಆ ತಲೆಗಳನ್ನು ಅರದಿಂದ ಉಜ್ಜಿ ಅಥವಾ ಡ್ರಿಲ್ಲಿನಿಂದ ಕೊರೆದು ತೆಗೆದು, ಪಂಚಿನಿಂದ ಮೆಲ್ಲನೆ ಬಡಿದರೆ ರಿವೆಟ್ಟುಗಳು ಹೊರಬೀಳುತ್ತವೆ. ಚಕ್ರಗಳೂ ಸ್ಪೇಸರುಗಳೂ ಬೇರೆ ಬೇರೆಯಾಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು ಹಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಹಲ್ಲಿನ ಎರಡು ಪಾರ್ಶ್ವಗಳೂ ಸಮವಾಗಿದ್ದರೆ ಚಕ್ರ ಚೆನ್ನಾಗಿದೆ. ಒಂದು ಕಡೆಗೆ ಬಾಗಿದ ಕೊಕ್ಕೆಯಂತಿದ್ದರೆ ಅದರ ಕಾಲ ಮುಗಿದಿದೆ.

ಯಾವ ಚಕ್ರವನ್ನು ಆರಿಸಬೇಕೆಂಬುದು ಸುಲಭವಾದ ಗಣಿತ. ಪೆಡಲಿನ ಬಳಿಯ ಚಕ್ರಕ್ಕೆ 32 ಹಲ್ಲು, ಹಿಂದಿನದಕ್ಕೆ 16 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಗಾಲಿ ಎರಡು ಸುತ್ತು ತಿರುಗುತ್ತದೆ. 26 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.07 ಮೀಟರ್ ಆದುದರಿಂದ ಒಂದು ಸುತ್ತಿಗೆ ಸೈಕಲ್ಲು ನಾಲ್ಕು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಏರುತಗ್ಗಿನ ಊರಾದರೆ 18 ಹಲ್ಲಿನದನ್ನು ಹಾಕಿ. ಸುತ್ತಿಗೆ ಸುಮಾರು 3.7 ಮೀಟರ್ ಸಾಗಿದರೂ ಕಾಲಿಗೆ ಹಗುರ.

ಎಂಟು ಚಕ್ರಗಳ ಶಿಮಾನೊ ಮಾದರಿಯ ಕ್ಯಾಸೆಟ್ಟಿನಲ್ಲಿ ಚಕ್ರದ ದಪ್ಪ 1.8 ಮಿ.ಮೀ., ನಡುವಿನ ಎಡೆ 3 ಮಿ.ಮೀ. ಒಟ್ಟು ಅಗಲ 35.4 ಮಿ.ಮೀ. ಆಗುತ್ತದೆ. ಒಂದೇ ಚಕ್ರವನ್ನು ಕೂರಿಸಿದಾಗ ಉಳಿದ 33.6 ಮಿ.ಮೀ. ಜಾಗವನ್ನು ಸ್ಪೇಸರುಗಳಿಂದ ತುಂಬಬೇಕು. ಇಲ್ಲವಾದರೆ ಲಾಕ್‌ರಿಂಗ್ ಏನನ್ನೂ ಒತ್ತದು. ಒಂದು ಕ್ಯಾಸೆಟ್ಟಿನ ಸ್ಪೇಸರುಗಳು ಇದಕ್ಕೆ ಸಾಲವು. ಇನ್ನೊಂದು ಹಳೆಯ ಕ್ಯಾಸೆಟ್ಟಿನವನ್ನು ಸೇರಿಸಬಹುದು. ಅಥವಾ ಫ್ರೀಹಬ್ಬಿನ ಮೇಲೆ ಜಾರುವಷ್ಟು ಅಗಲದ ಪಿ.ವಿ.ಸಿ. ನೀರಿನ ಪೈಪಿನಿಂದ ಓರೆಯಾಗದಂತೆ ಕತ್ತರಿಸಿದ ಬಳೆಗಳನ್ನು ಹಾಕಬಹುದು. ಸ್ಪೇಸರುಗಳನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಬದಲಿಸುತ್ತ, ಹಿಂದಿನಿಂದ ನೋಡಿದಾಗ ಚೈನು ಮುಂದಿನ ಚಕ್ರಕ್ಕೆ ನೇರಗೆರೆಯಲ್ಲಿ ಹೋಗುವಂತೆ ಮಾಡಬೇಕು. ಇದು ಈ ಕೆಲಸದ ಪ್ರಾಣ. ಏಕೆಂದರೆ ಕ್ಯಾಸೆಟ್ಟಿನ ಚಕ್ರದ ಹಲ್ಲುಗಳು ಚೈನು ಸುಲಭವಾಗಿ ಬಿಟ್ಟುಹೋಗಲೆಂದೇ ಕುಳ್ಳಾಗಿ ರೂಪಿಸಲ್ಪಟ್ಟವು. ಗೆರೆ ಸೊಟ್ಟಗಿದ್ದರೆ ಚೈನು ಕಳಚುತ್ತದೆ. ಕೊನೆಯಲ್ಲಿ ಲಾಕ್‌ರಿಂಗನ್ನು 40 ನ್ಯೂಟನ್-ಮೀಟರ್ ಬಿಗಿತಕ್ಕೆ ತಿರುಪಬೇಕು. ಈ ಅಂಕೆಯನ್ನು ಅನೇಕ ಲಾಕ್‌ರಿಂಗುಗಳ ಮೇಲೆಯೇ ಕೆತ್ತಿರುತ್ತಾರೆ. ಗಾಲಿಯನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿಗೊಳಿಸುವ ಅವಕಾಶವಿಲ್ಲದ ಚೌಕಟ್ಟಿಗೆ, ಹಳೆಯ ಗೇರು ಬದಲಾಯಿಸುವ ತೋಳನ್ನೇ ಒಂದು ಸ್ಥಾನದಲ್ಲಿ ನಿಲ್ಲಿಸಿ ಬಿಗಿಗೊಳಿಸುವ ಸಾಧನವಾಗಿ ಉಳಿಸಿಕೊಳ್ಳಬಹುದು.

ಆಕ್ಷೇಪಗಳಿಗೆ ಉತ್ತರ

ಮೊದಲನೆಯ ಆಕ್ಷೇಪ: ಬಿಡಿಯಾದ ತೆಳುಚಕ್ರವು ಫ್ರೀಹಬ್ಬಿನ ಏಣನ್ನು ಕಚ್ಚಿ ಹಾಳುಮಾಡುತ್ತದೆ. ಫ್ರೀಹಬ್ಬು ಅಲ್ಯೂಮಿನಿಯಮ್ಮಿನದಾಗಿದ್ದರೆ ಈ ಮಾತು ನಿಜ. ತೂಕ ಕಡಿಮೆ ಮಾಡಲು ದುಬಾರಿ ಸೈಕಲ್ಲುಗಳಲ್ಲಿ ಆ ಲೋಹವನ್ನು ಬಳಸುತ್ತಾರೆ. ಅಂಥಲ್ಲಿ ಬುಡ ಅಗಲವಾಗಿರುವ ಬಿಡಿಚಕ್ರವನ್ನೇ ಹಾಕಬೇಕು. ಸಾಧಾರಣ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿರುವ ಉಕ್ಕಿನ ಫ್ರೀಹಬ್ಬಿಗೆ ಈ ಭಯವಿಲ್ಲ. ಅಯಸ್ಕಾಂತವನ್ನು ಮುಟ್ಟಿಸಿ ನೋಡಿದರೆ ಯಾವ ಲೋಹವೆಂಬುದು ಕ್ಷಣದಲ್ಲಿ ತಿಳಿಯುತ್ತದೆ.

ಎರಡನೆಯದು: ಬೇರೆ ಬೇರೆ ಕ್ಯಾಸೆಟ್ಟುಗಳ ಚಕ್ರಗಳನ್ನು ಬೆರೆಸಿದರೆ ಗೇರು ಸರಾಗವಾಗಿ ಬದಲಾಗದು. ಇದೂ ಅರ್ಧ ಸತ್ಯ. ಪಕ್ಕದ ಇಳಿಜಾರುಗಳು ಹೊಂದದಿದ್ದರೆ ಚೈನು ಒಂದು ಕ್ಷಣ ತಡವಾಗಿ ಏರುತ್ತದೆ. ಅದೇ ಮಾದರಿಯ, ಅಷ್ಟೇ ಹಲ್ಲಿನ ಚಕ್ರವನ್ನು ಹಾಕಿದರೆ ಆ ತೊಡಕೂ ಇಲ್ಲ. ಪಂದ್ಯದಲ್ಲಿ ಓಡುವವನಿಗೆ ಆ ಕ್ಷಣ ಮುಖ್ಯವಾಗಬಹುದು. ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಅದರಿಂದ ಆಗುವ ಹಾನಿಯೇನು? ಒಂದೇ ಚಕ್ರವನ್ನು ಬಳಸುವ ಸೈಕಲ್ಲಿಗಂತೂ ಈ ಪ್ರಶ್ನೆಯೇ ಹುಟ್ಟದು.

ಮೂರನೆಯದು: ಹಳೆಯದು ಗುಜರಿಗೆ ಹೋಗಿ ಕರಗಿ ಮತ್ತೆ ಉಕ್ಕಾಗುತ್ತದೆ, ಹಾಗಿರುವಾಗ ಚಿಂತೆಯೇಕೆ? ಇದು ಕೇಳಲು ಇಂಪಾದ ಸಮಾಧಾನ. ಹಲ್ಲು ಕೊರೆದು, ಕಾಯಿಸಿ ಗಟ್ಟಿಗೊಳಿಸಿ, ಹೊಳಪು ಕೊಟ್ಟ ಚಕ್ರದಲ್ಲಿ ಲೋಹದ ಜೊತೆಗೆ ಶ್ರಮವೂ ಬೆಂಕಿಯೂ ಅಡಗಿವೆ. ಕರಗಿಸಿದಾಗ ಲೋಹ ಮಾತ್ರ ಉಳಿದು ಉಳಿದುದೆಲ್ಲ ಹೋಗುತ್ತದೆ. ಮತ್ತೆ ಬೆಂಕಿ, ಮತ್ತೆ ಶ್ರಮ. ನೇಯ್ದ ಸೀರೆಯನ್ನು ನೂಲಾಗಿ ಬಿಚ್ಚಿ ಮರಳಿ ನೇಯುವವನು ತಾನು ಏನನ್ನೂ ವ್ಯರ್ಥ ಮಾಡಲಿಲ್ಲವೆಂದು ಹೇಳಿಕೊಂಡಂತೆ ಇದು. ಉಕ್ಕಿನ ಚಕ್ರಗಳನ್ನು ಅಲ್ಯೂಮಿನಿಯಮ್ಮಿನ ತೋಳುಗಳಿಗೆ ರಿವೆಟ್ ಹೊಡೆದ ದುಬಾರಿ ಕ್ಯಾಸೆಟ್ಟುಗಳಲ್ಲಂತೂ ಗುಜರಿಯವನಿಗೂ ಲೋಹಗಳನ್ನು ಬೇರ್ಪಡಿಸುವ ಕಷ್ಟವೇ.

ನಾಲ್ಕನೆಯದು: ಬಿಚ್ಚುವ ಕೂಲಿಗಿಂತ ಹೊಸದರ ಬೆಲೆಯೇ ಮೇಲು. ಬೆಲೆಯ ಚೀಟಿಯಲ್ಲಿ ಅಗೆದ ನೆಲದ ಲೆಕ್ಕವಿಲ್ಲ, ಉರಿದ ಕಲ್ಲಿದ್ದಲಿನ ಲೆಕ್ಕವಿಲ್ಲ. ಅದನ್ನು ಬದಿಗಿಟ್ಟರೂ, ಒಂದೇ ಮೊತ್ತವನ್ನು ದೂರದೇಶದ ಹೊಸ ಲೋಹಕ್ಕೆ ಕೊಡುವುದಕ್ಕಿಂತ ನಮ್ಮ ಬೀದಿಯ ಸೈಕಲ್ ಶಾಪಿನವನ ಕೈಕೆಲಸಕ್ಕೆ ಕೊಡುವುದು ಲೇಸಲ್ಲವೇ? ಇಲ್ಲಿ ಆ ಬಡ ಕಸುಬುದಾರನನ್ನು ದೂಷಿಸುವುದು ಅನ್ಯಾಯ. ಬಿಡಿಚಕ್ರ ಕೇಳುವ ಗಿರಾಕಿಯೂ ಇಲ್ಲ, ಕೊಡುವ ಸಗಟು ವ್ಯಾಪಾರಿಯೂ ಇಲ್ಲವೆಂದ ಮೇಲೆ ಅವನು ತಾನೇ ಏನು ಮಾಡಿಯಾನು? ಬಿಡಿಚಕ್ರಗಳನ್ನು ಮಾರುವುದು ಅಸಾಧ್ಯವೂ ಅಲ್ಲ. ಇಟಲಿಯ ಮಿಕೆ ಸಂಸ್ಥೆಯು ಒಂದೊಂದೇ ಚಕ್ರವನ್ನು ಮಾರುತ್ತ ಬಂದಿದೆ. ಹಿಂದೆ ಕೆಲವು ಕ್ಯಾಸೆಟ್ಟುಗಳಲ್ಲಿ ರಿವೆಟ್ಟಿನ ಸ್ಥಾನದಲ್ಲಿ ಬಿಚ್ಚಬಹುದಾದ ಸಣ್ಣ ತಿರುಪುಗಳೇ ಇದ್ದವು. ಒಮ್ಮೆ ಸಾಧ್ಯವಿದ್ದುದು ಇಂದು ಅಸಾಧ್ಯವೆನ್ನುವುದು ಮನಸ್ಸಿಲ್ಲದವರ ಮಾತು.

ನಮ್ಮ ಕರ್ತವ್ಯ

ಸರ್ಕಾರಗಳೂ ಈ ದಿಕ್ಕಿನಲ್ಲಿ ಅಲ್ಪಸ್ವಲ್ಪ ಎಚ್ಚೆತ್ತಿವೆ. 2020ರಲ್ಲಿ ಫ್ರಾನ್ಸ್ ದೇಶವು ಹಳೆಯ ಸೈಕಲ್ಲುಗಳ ದುರಸ್ತಿಗಾಗಿ ಸೈಕಲ್ಲೊಂದಕ್ಕೆ 50 ಯೂರೋಗಳವರೆಗೆ ನೆರವನ್ನು ಕೊಟ್ಟಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಬಾಳಿಕೆ ವಸ್ತುಗಳು, ಮೋಟಾರು ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ಗುರುತಿಸಲಾಯಿತು. ಬಡವನ ವಾಹನವಾದ ಬೈಸಿಕಲ್ಲಿನ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಗಿರಾಕಿಗಳಾದ ನಾವೇ ಕೇಳದಿರುವಾಗ ಪಟ್ಟಿ ಬರೆಯುವವರಿಗೆ ನೆನಪಾಗುವುದೆಂತು?

ಆದುದರಿಂದ ಕುಟುಂಬಗಳಿಗೆ ಮೊದಲ ಮಾತು. ಮಗನಿಗೋ ಮಗಳಿಗೋ ಗೇರ್ ಸೈಕಲ್ಲು ಕೊಡಿಸುವಾಗ ಬಣ್ಣವನ್ನೂ ಗೇರುಗಳ ಸಂಖ್ಯೆಯನ್ನೂ ಕೇಳುವ ಮೊದಲು, ಒಂದು ಚಕ್ರ ಸವೆದರೆ ಒಂದನ್ನೇ ಬದಲಿಸಬಹುದೇ ಎಂದು ಕೇಳಿರಿ. ಹತ್ತು ಮಂದಿ ಗಿರಾಕಿಗಳು ಇದನ್ನು ಕೇಳಿದರೆ ಅಂಗಡಿಯವನು ಸಗಟು ವ್ಯಾಪಾರಿಯನ್ನು ಕೇಳುತ್ತಾನೆ. ಚೈನಿನ ಮೇಲೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು ನೋಡುವುದನ್ನು ಮಕ್ಕಳಿಗೆ ಕಲಿಸಿರಿ. ಹೊಸ ಚೈನಿನಲ್ಲಿ ಹನ್ನೆರಡು ಅಂಗುಲಕ್ಕೆ ಸರಿಯಾಗಿ ಗೂಟ ಬರುತ್ತದೆ. ಅದು ಒಂದು ಅಂಗುಲದ ಹದಿನಾರನೆಯ ಒಂದು ಪಾಲು ಮುಂದೆ ಸರಿದಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಪಾಲು ಸರಿಯುವವರೆಗೆ ಬಿಟ್ಟರೆ ಅದು ಹಲ್ಲುಚಕ್ರಗಳನ್ನೂ ತಿಂದಿರುತ್ತದೆ. ಸಕಾಲದಲ್ಲಿ ಬದಲಿಸಿದ ಒಂದು ಚೈನು ಎಂಟು ಚಕ್ರಗಳನ್ನು ಕಾಯುತ್ತದೆ. ಅಪ್ರಮಾದವೆಂದರೆ ಇದೇ.

ಎರಡನೆಯ ಮಾತು ಬಸದಿಗಳ ಟ್ರಸ್ಟುಗಳಿಗೆ, ವಿಶೇಷವಾಗಿ ವಿದ್ಯಾರ್ಥಿನಿಲಯಗಳನ್ನು ನಡೆಸುವವುಗಳಿಗೆ. ಸಂಪನ್ನ ಮನೆಗಳ ಹಿತ್ತಿಲಲ್ಲಿ ಗೇರು ಕೆಟ್ಟ ಸೈಕಲ್ಲುಗಳು ತುಕ್ಕು ಹಿಡಿಯುತ್ತಿರುವಾಗ, ನಿಲಯದ ಬಡ ವಿದ್ಯಾರ್ಥಿ ಬಸ್ಸಿಗಾಗಿ ಕಾಯುತ್ತಿರುತ್ತಾನೆ. ಲಾಕ್‌ರಿಂಗಿನ ಪಾನಾ, ಚೈನಿನ ಹಿಡಿಕೋಲು, ಚೈನು ಬಿಡಿಸುವ ಸಾಧನ, ಒಂದು ವೈಸು, ಅರ, ಪಂಚು ಇಷ್ಟಿದ್ದರೆ ಒಂದು ಮೂಲೆಯಲ್ಲಿ ಈ ಕೆಲಸ ನಡೆಯುತ್ತದೆ. ಇದಕ್ಕೆ ತಗಲುವ ವೆಚ್ಚವು ಒಂದು ಮಹೋತ್ಸವದ ಹೂವಿನ ಅಲಂಕಾರದ ವೆಚ್ಚಕ್ಕಿಂತ ಕಡಿಮೆ. ಊರಿನ ಸೈಕಲ್ ಶಾಪಿನ ಅನುಭವಿಯೊಬ್ಬನಿಗೆ ಗೌರವಧನ ಕೊಟ್ಟು ತಿಂಗಳಿಗೊಂದು ಭಾನುವಾರ ಕರೆಸಿದರೆ, ಹುಡುಗರು ಓದಿನ ಜೊತೆಗೆ ಕೈಗೊಂದು ವಿದ್ಯೆಯನ್ನೂ ಕಲಿಯುತ್ತಾರೆ. ಶ್ರಾವಕರು ಬಿಟ್ಟುಬಿಟ್ಟ ಸೈಕಲ್ಲುಗಳನ್ನು ಸ್ವೀಕರಿಸಿ, ಬಿಚ್ಚಿ, ಒಳ್ಳೆಯ ಚಕ್ರಗಳನ್ನು ಹಲ್ಲಿನ ಸಂಖ್ಯೆಗೆ ತಕ್ಕಂತೆ ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಲಿ. ಬೇಕಾದವನು ಬೇಕಾದಷ್ಟನ್ನೇ, ಅಂದರೆ ಒಂದನ್ನೇ, ತೆಗೆದುಕೊಳ್ಳಲಿ.

ಅಪರಿಗ್ರಹವೆಂದರೆ ವಸ್ತುಗಳನ್ನು ಬಿಟ್ಟುಬಿಡುವುದು ಎಂದು ಮಾತ್ರ ತಿಳಿದವರು, ಎಸೆಯುವುದನ್ನೂ ತ್ಯಾಗವೆಂದು ಭಾವಿಸುವ ಅಪಾಯವುಂಟು. ಹೊಸದು ಕೊಳ್ಳಲೆಂದು ಹಳೆಯದನ್ನು ಎಸೆಯುವವನು ತ್ಯಾಗಿಯಲ್ಲ; ಅವನ ಪರಿಗ್ರಹವು ಗುಜರಿಯ ರಾಶಿಯಲ್ಲಿ ಬೆಳೆಯುತ್ತಿರುತ್ತದೆ, ಅಷ್ಟೇ. ತನಗೆ ಬೇಕಾದ ಒಂದು ಚಕ್ರವನ್ನು ಉಳಿಸಿಕೊಂಡು, ಉಳಿದ ಒಳ್ಳೆಯವನ್ನು ಬೇಕಾದವರಿಗೆ ಒಪ್ಪಿಸಿ, ಸವೆದುದನ್ನು ಮಾತ್ರ ಕುಲುಮೆಗೆ ಕಳುಹಿಸುವವನ ಮನೆಯಲ್ಲಿ ಪರಿಮಿತಿಯೆಂಬ ಮಾತಿಗೆ ಅರ್ಥ ಬರುತ್ತದೆ. ಬರುವ ಚಾತುರ್ಮಾಸದೊಳಗೆ ಪ್ರತಿಯೊಂದು ವಿದ್ಯಾರ್ಥಿನಿಲಯವೂ ಕನಿಷ್ಠ ಒಂದು ಸೈಕಲ್ಲನ್ನಾದರೂ ಹೀಗೆ ಓಡಿಸಿ ತೋರಿಸಲೆಂದು ಸಮಾಜದ ಹಿರಿಯರಲ್ಲಿಯೂ ಟ್ರಸ್ಟುಗಳ ಪದಾಧಿಕಾರಿಗಳಲ್ಲಿಯೂ ವಿನಯಪೂರ್ವಕವಾಗಿ ಬೇಡುತ್ತೇನೆ.